ಬಟ್ಟೆ ಒಣಹಾಕಲು ಕಟ್ಟಿದ ಹಗ್ಗ

ದೊಡ್ಡಮಾವನ ಬಲಗೈ ನಡುಬೆರಳಿನ ಗೆಣ್ಣು ಹುಣಿಸೆ ಬೀಜದ ಹಾಗೆ ಕಪ್ಪಗೆ, ನುಣ್ಣಗೆ, ಗಟ್ಟಿಯಾಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ತಟ್ಟಿ ತಟ್ಟಿ ಆದದ್ದು ಅದು. ಶಂಕಗಿರಿಯಿಂದ ಲಾರಿ ಹೊರಡಿಸುವ ಮುಂಚೆ ಅವನು ಕಬ್ಬಿಣದ ರಾಡು ಹಿಡಿದು ಒಂದು ಸುತ್ತು ಬರುತ್ತಿದ್ದ. ಒಂದೊಂದು ಟೈರಿಗೂ ಒಂದೊಂದು ಏಟು. ಯಾವುದರಲ್ಲಿ ಗಾಳಿ ಕಡಿಮೆ ಎಂದು ಸದ್ದು ಕೇಳಿಯೇ ಹೇಳುತ್ತಿದ್ದ. ಲಾರಿ ಬಿಟ್ಟ ಮೇಲೆ ರಾಡು ಹೋಯಿತು, ಅಭ್ಯಾಸ ಉಳಿಯಿತು. ಕುಂಬಳಕಾಯಿ, ನೀರಿನ ತೊಟ್ಟಿ, ಹೊಸದಾಗಿ ಕಟ್ಟಿದ ಗೋಡೆ, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ, ಎಲ್ಲವನ್ನೂ ಆ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ನಾನು ಸೇಲಂ ಕಾಲೇಜಿನಲ್ಲಿ ಭೌತಶಾಸ್ತ್ರದ ಡಿಗ್ರಿ ಮುಗಿಸಿ ಬಂದ ದಿನ ನನ್ನ ನೆತ್ತಿಯನ್ನೂ ತಟ್ಟಿದ. ಮುದ್ದಿಗೆ ಅವನು ನನ್ನನ್ನು ಕರೆಯುತ್ತಿದ್ದದ್ದು ತಮಿಳರ ಹಾಗೆ 'ಕಣ್ಣು' ಎಂದು. "ಪರ್ವಾಗಿಲ್ಲ ಕಣ್ಣು, ಟೊಳ್ಳಿಲ್ಲ. ಏನೋ ಒಳಗೈತೆ" ಎಂದ.

ಅವನು ಅವ್ವನ ಅಣ್ಣ. ಮೇಟ್ಟೂರಿನ ಹತ್ತಿರದ ನಮ್ಮೂರಿನಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ತಮಿಳು. ಕನ್ನಡಕ್ಕೂ ಒಂದು ಬರಹ ಉಂಟು ಎಂದು ನನಗೆ ತೋರಿಸಿದವನು ದೊಡ್ಡಮಾವ. ಹುಬ್ಬಳ್ಳಿ ಕಡೆ ಲೋಡು ಹೋದಾಗ ರಸ್ತೆಯ ಬೋರ್ಡುಗಳನ್ನು ನೋಡಿ ತಾನೇ ಕಲಿತು, ಲೋಡು ಚೀಟಿಯ ಹಿಂಬದಿಯಲ್ಲಿ ಬರೆದು ತರುತ್ತಿದ್ದ. ನಾನು ಓದಿದ ಮೊದಲ ಕನ್ನಡ ಪದ 'ದಾವಣಗೆರೆ'. ಎರಡನೆಯದು 'ಮುಂದೆ ತಿರುವು ಇದೆ'. ಈಗ ಇದನ್ನು ಬರೆಯುತ್ತಿರುವುದೂ ಆ ಚೀಟಿಗಳ ಅಕ್ಷರದಲ್ಲೇ.

ಇನ್ನೊಂದು ಅವನ ಹಗ್ಗ. ಲೋಡಿನ ಮೇಲೆ ಟಾರ್ಪಾಲು ಬಿಗಿಯುವ ದಪ್ಪ ಹಗ್ಗ, ಎಣ್ಣೆ ಕುಡಿದು ಕಂದುಬಣ್ಣಕ್ಕೆ ತಿರುಗಿದ್ದು. ಎಲ್ಲಿಗೆ ಹೊರಟರೂ ಅದನ್ನು ಸುರುಳಿ ಸುತ್ತಿ ವ್ಯಾನಿನ ಹಿಂದೆ ಇಟ್ಟುಕೊಳ್ಳುತ್ತಿದ್ದ. "ಏನಕ್ಕೆ ಮಾವ?" ಎಂದರೆ, "ಏನಕ್ಕೆ ಅಂತ ಗೊತ್ತಿದ್ರೆ ಅದ್ನೇ ತಕ್ಕಂಡು ಓಗ್ತಿದ್ನಲ್ಲ" ಎನ್ನುತ್ತಿದ್ದ.

ಅವ್ವ ಕಡಲು ನೋಡಿರಲಿಲ್ಲ. ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು; ಮರಳಿನ ಮೇಲೆ ನಡೆಯುವುದು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದ್ದರು. "ಮಲಗಿದ್ದ ಕಡೆಯಿಂದ್ಲೇ ಕಂಡ್ರೆ ಸಾಕು ಕಣೆ. ಬೆಳಿಗ್ಗೆ ಕಣ್ಣು ಬುಟ್ರೆ ಕಡ್ಲು ಇರ್ಬೇಕು, ಅಷ್ಟೇ" ಎಂದು ಒಮ್ಮೆ ಅಂದಿದ್ದಳು. ಎಂದೂ ಏನನ್ನೂ ಕೇಳದವಳು ಕೇಳಿದ್ದು ಅದೊಂದೇ. ನಾನು ಎರಡು ವಾರ ಫೋನಿನಲ್ಲಿ ಹುಡುಕಿದೆ. ದಿನದ ಬಾಡಿಗೆಗೆ ಸಿಗುವ ಫ್ಲ್ಯಾಟುಗಳಲ್ಲಿ ಎರಡು ಜಾತಿ ಎಂದು ಆಗಲೇ ತಿಳಿದದ್ದು: ಸೀ ಫ್ರಂಟು, ಸೀ ವ್ಯೂ. ಮೊದಲನೆಯದರಲ್ಲಿ ಕಡಲು ಎದುರಿಗೇ ಇರುತ್ತದೆ. ಎರಡನೆಯದರಲ್ಲಿ ಎಲ್ಲೋ ಒಂದು ಕಿಟಕಿಯಿಂದ ಕಂಡರೂ ಅದೇ ಹೆಸರು. ನಾನು ನಾಲ್ಕನೇ ಮಹಡಿಯ ಸೀ ಫ್ರಂಟ್ ಆರಿಸಿದೆ. ಲಿಫ್ಟ್ ಇತ್ತು, ಮಂಚದ ಎದುರು ಗಾಜಿನ ಬಾಗಿಲು, ಅದರಾಚೆ ಇಕ್ಕಟ್ಟಾದ ಬಾಲ್ಕನಿ. ಚಿತ್ರ ತೋರಿಸಿದಾಗ ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ದೊಡ್ಡಮಾವನ ಹಳೇ ವ್ಯಾನಿನಲ್ಲಿ ಮೂವರೂ ಹೊರಟೆವು. ಮಧ್ಯಾಹ್ನ ತಲುಪಿ, ಮ್ಯಾನೇಜರು ಬಾಗಿಲು ತೆರೆದಾಗ ಕೋಣೆಯ ತುಂಬ ಕಡಲೇ ಇತ್ತು. ಅವ್ವ ಮಂಚದ ಮೇಲೆ ಕುಸಿದು ಕೂತು, "ಅಯ್ಯಪ್ಪ, ಇಷ್ಟೊಂದಾ!" ಎಂದಳು. ಅಷ್ಟರಲ್ಲಿ ಬಾಲ್ಕನಿಯಿಂದ ಟಕ್, ಟಕ್ ಎಂದು ಕೇಳಿತು.

ದೊಡ್ಡಮಾವ ಕಬ್ಬಿಣದ ಕಟಕಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ತಟ್ಟಿದ. ಮಂಡಿಯೂರಿ ಕಂಬಿಗಳ ಬುಡ ತಟ್ಟಿದ. ಎದ್ದು ಒಳಗೆ ಬಂದ.

"ಬ್ಯಾಡ. ಈ ಮನೆ ಬ್ಯಾಡ."

"ಯಾಕೆ ಮಾವ?"

"ಬುಡದಾಗೆ ಕಬ್ಬಿಣ ಇಲ್ಲ, ಬರೀ ಪೈಂಟೈತೆ. ತೂತ್ತುಕುಡಿ ಉಪ್ಪು ಓಡ್ಸಿವ್ನಿ ನಾನು. ಉಪ್ಪು ಲಾರಿ ತಳಾನ ಎಂಗೆ ತಿಂತದೆ ಅಂತ ನಂಗೊತ್ತು. ಮೇಲೆ ಮದ್ವಣಗಿತ್ತಿ, ಕೆಳಗೆ ಏನೂ ಇಲ್ಲ."

ಹೋದ ತಿಂಗಳೇ ಬಣ್ಣ ಹೊಡೆಸಿದ್ದೇವೆ ಎಂದ ಮ್ಯಾನೇಜರು, ಮುಖ ಸಿಂಡರಿಸಿಕೊಂಡು. "ಬಣ್ಣ ಒಡುದ್ರೆ ಒಸ್ದಾಗದಾದ್ರೆ ನಾನೂ ಒಡ್ಕಳ್ತಿದ್ದೆ ಸಾರ್" ಎಂದು ದೊಡ್ಡಮಾವ ತಮಿಳಿನಲ್ಲಿ ಅವನಿಗೆ ಹೇಳಿದ. ಖಾಲಿಯಿದ್ದದ್ದು ಇನ್ನೊಂದೇ ಫ್ಲ್ಯಾಟು. ಅದೇ ಮಹಡಿಯ ಹಿಂಬದಿಯದು, ಸೀ ವ್ಯೂ. ಅಲ್ಲಿ ಕಡಲು ಕಾಣುವುದು ಅಡುಗೆಮನೆಯ ಕಿಟಕಿಯಿಂದ ಮಾತ್ರ.

ನನಗೆ ಅಳು ಬಂತು. "ಮಾವ, ಅವ್ವ ಬಂದಿರದೇ ಕಡ್ಲು ನೋಡಕ್ಕೆ. ನಾವು ಬಾಲ್ಕನಿಗೆ ಓಗದಿಲ್ಲ, ಒಳಗೇ ಇರ್ತೀವಿ."

"ಕಡ್ಲು ಎದುರ್ಗೈತೆ, ಬಾಗ್ಲು ತೆಗ್ದೈತೆ, ಓಗದಿಲ್ವಂತೆ! ಮೊದ್ಲು ಓಗೋಳೇ ನೀನು."

ಅವ್ವ ಮಂಚದಿಂದ ಎದ್ದು ಕೋಲು ತೆಗೆದುಕೊಂಡಳು. ಅಣ್ಣನ ಮಾತಿಗೆ ಅವಳು ಎದುರಾಡಿದ್ದನ್ನು ನಾನು ಕಂಡಿಲ್ಲ. ಆ ದಿನ ಎದುರಾಡಬಾರದಿತ್ತೇ ಎಂದು ಅವಳ ಮೇಲೂ ಸಿಟ್ಟು ಬಂತು.

ಮ್ಯಾನೇಜರು ಇನ್ನೊಂದು ಕೀಲಿ ತರಲು ಹೋದಾಗ ದೊಡ್ಡಮಾವ ವ್ಯಾನಿನಿಂದ ಹಗ್ಗ ತಂದ. ಬಾಲ್ಕನಿಯ ಎರಡು ತುದಿಗೂ ದಪ್ಪ ಕಾಂಕ್ರೀಟಿನ ಕಂಬಗಳಿದ್ದವು. ಅವನ್ನು ತಟ್ಟಿ, ಸರಿಯಿದೆ ಎಂಬಂತೆ ತಲೆಯಾಡಿಸಿದ. ಹಗ್ಗವನ್ನು ಎರಡೆಳೆ ಮಾಡಿ ಒಂದು ಕಂಬಕ್ಕೆ ಬಿಗಿದು, ಕಟಕಟೆಯ ಮೇಲುಪಟ್ಟಿಗೆ ಗೇಣಿಗೊಂದು ಸುತ್ತು ಹಾಕುತ್ತ ಹೋಗಿ, ಇನ್ನೊಂದು ಕಂಬಕ್ಕೆ ಕಾಲು ಒತ್ತಿ ಮೈಯೆಲ್ಲ ಹಿಂದಕ್ಕೆ ಬಾಗಿಸಿ ಎಳೆದು ಲಾರಿ ಗಂಟು ಹಾಕಿದ. ಮ್ಯಾನೇಜರು ಬಂದು "ಇದೇನು?" ಎಂದ. ದೊಡ್ಡಮಾವ ಕೈ ಒರೆಸಿಕೊಳ್ಳುತ್ತ, "ಬಟ್ಟೆ ಒಣಗಾಕಕ್ಕೆ" ಎಂದ. ನಾಚಿಕೆಯಿಂದ ನಾನು ಗೋಡೆ ನೋಡಿದೆ.

ಹಿಂಬದಿ ಫ್ಲ್ಯಾಟಿನಲ್ಲಿ ಅವನು ಮಂಚದ ಬೋಲ್ಟು ಬಿಚ್ಚಿ, ಅಡುಗೆಮನೆಯಲ್ಲಿ ಸಿಂಕಿನ ಪಕ್ಕಕ್ಕೆ ಮತ್ತೆ ಜೋಡಿಸಿದ. ಅವ್ವ ಮಲಗಿ ನೋಡಿದಳು. ಎರಡು ಕಟ್ಟಡಗಳ ನಡುವೆ, ತೆಂಗಿನ ಗರಿಗಳ ಮೇಲೆ ಒಂದು ಮೊಳ ನೀಲಿ.

"ಅಣ್ಣ, ಇದು ಕಡ್ಲಾ, ಇಲ್ಲ ಯಾರೋ ಒಣಗಾಕಿರೋ ಸೀರೆ ಅಂಚಾ?"

"ಅಂಚು ನೋಡ್ಕ ತಂಗಚ್ಚಿ. ಒಳಗೂ ಅದೇ ಬಣ್ಣ."

ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಸಂಜೆ ಮುಂಬದಿ ಫ್ಲ್ಯಾಟಿಗೆ ಈರೋಡಿನ ಕಡೆಯ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಕಾಲೇಜು ಓದುವ ಮಗಳು. ದೊಡ್ಡಮಾವ ಅವರ ಬಾಗಿಲಿಗೆ ಹೋಗಿ, ಕಟಕಟೆಯ ಹತ್ತಿರ ಹೋಗಬೇಡಿ ಎಂದು ತಮಿಳಿನಲ್ಲಿ ಹೇಳಿದ.

"ದೊಡ್ಡವರೇ, ನೀವೇನು ಇಂಜಿನಿಯರಾ?" ಎಂದು ಕೇಳಿದ ಆ ಮನೆಯ ಗಂಡಸು.

"ಇಲ್ಲ ಸಾರ್, ಡ್ರೈವರ್."

ಆತ ನಕ್ಕು ಬಾಗಿಲು ಮುಚ್ಚಿದ. ಮುಚ್ಚಿದ ಬಾಗಿಲಿಗೆ ದೊಡ್ಡಮಾವ, "ಅಗ್ಗ ಮಾತ್ರ ಬಿಚ್ಚಬೇಡಿ ಸಾರ್. ಟವಲ್ ಒಣಗಾಕಿಕೊಳ್ಳಿ" ಎಂದು ಕೂಗಿ ಹೇಳಿ ಬಂದ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಲಿಫ್ಟಿನ ಬಳಿ ಸಿಕ್ಕ ಆ ಹೆಂಗಸು ಅವ್ವನ ಕೋಲು ನೋಡಿ, ಕಥೆ ಕೇಳಿ, "ಅಡುಗೆಮನೆಯಿಂದ ಯಾಕೆ ನೋಡಬೇಕಮ್ಮ? ನಮ್ಮಲ್ಲಿಗೆ ಬನ್ನಿ" ಎಂದು ಕೈಹಿಡಿದು ಕರೆದಳು. ದೊಡ್ಡಮಾವ ಕೆಳಗೆ ವ್ಯಾನು ಒರೆಸುತ್ತಿದ್ದ. ಅವನು ಇಲ್ಲದಾಗಲೇ ಹೋಗಿಬರೋಣ ಎಂದು ಅವ್ವನನ್ನು ಹೊರಡಿಸಿದವಳು ನಾನೇ.

ಅವ್ವನಿಗೆ ಗಾಜಿನ ಬಾಗಿಲ ಹೊಸ್ತಿಲಲ್ಲಿ ಒಂದು ಬದಿಗೆ ಕುರ್ಚಿ ಹಾಕಿದರು. ಹಗ್ಗದ ಮೇಲೆ ನಿಜವಾಗಿಯೂ ಮೂರು ಟವಲು ಒಣಗುತ್ತಿದ್ದವು. "ಇದು ಯಾವ ಹಡಗು ಕಟ್ಟುವ ಹಗ್ಗ?" ಎಂದು ಆಕೆ ಕೇಳಿದಳು. "ನಮ್ಮ ಮಾವನಿಗೆ ಸ್ವಲ್ಪ ಮರುಳು. ಕುಂಬಳಕಾಯಿಯನ್ನೂ ತಟ್ಟಿ ವಿಚಾರಿಸುತ್ತಾನೆ" ಎಂದೆ. ಇಬ್ಬರೂ ನಕ್ಕೆವು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಗಲೇ ಮಗಳು "ಡಾಲ್ಫಿನ್!" ಎಂದು ಕೂಗಿದಳು. ನಾಲ್ವರೂ ನುಗ್ಗಿದೆವು. ಮಗಳು ಎಡತುದಿಗೆ, ತಂದೆ ಬಲತುದಿಗೆ, ನಾನೂ ಆ ಹೆಂಗಸೂ ನಡುವೆ. ನಾನು ಎದೆಯನ್ನು ಪಟ್ಟಿಗೆ ಒತ್ತಿ ಬಗ್ಗಿದೆ.

ದೊಡ್ಡ ಸದ್ದೇನೂ ಆಗಲಿಲ್ಲ. ಹಪ್ಪಳ ಮುರಿದ ಹಾಗೆ ಆಯಿತು, ಅಷ್ಟೇ. ಕಂಬಿಗಳ ಬುಡ ಒಟ್ಟಿಗೆ ಕಿತ್ತು ಬಂತು, ಕಟಕಟೆ ಹೊರಕ್ಕೆ ಮಲಗಿತು, ಅದರೊಡನೆ ನಾವೂ. ಕಾಲ್ಬೆರಳು ಮಾತ್ರ ಬಾಲ್ಕನಿಯ ಅಂಚಿನಲ್ಲಿ. ಮಿಕ್ಕ ಮೈಯೆಲ್ಲ ಆ ಪಟ್ಟಿಯ ಮೇಲೆ. ಆಮೇಲೆ ಒಂದು ಜಗ್ಗು. ಎರಡೂ ಕಂಬದ ಕಡೆಯಿಂದ ಹಗ್ಗ ಕಿರ್ರೆಂದಿತು. ಅಲ್ಲಿಗೇ ನಿಂತಿತು.

ನನ್ನ ಮೂಗಿಗೆ ಒಂದು ಕೇಸರಿ ಟವಲು ತಾಗಿತ್ತು, ಸೋಪಿನ ವಾಸನೆ. ಕೆಳಗೆ ಬಿಳಿ ಟೈಲ್ಸಿನ ಅಂಗಳ. ಅಂಗಳದಲ್ಲಿ ವ್ಯಾನು, ಅದರ ಪಕ್ಕ ಒಂದು ಬೋಳುತಲೆ. ಆ ತಲೆ ಮೇಲಕ್ಕೆ ಎತ್ತಿತು.

"ಯಾರೂ ಅಲ್ಲಾಡಬೇಡಿ!" ಮೊದಲು ತಮಿಳಿನಲ್ಲಿ. ಆಮೇಲೆ ನನಗೆ, ನಮ್ಮ ಮಾತಿನಲ್ಲಿ: "ಲೇ ಪಾಪ, ಅಗ್ಗ ಇಡ್ಕಂಡೈತೆ. ಉಸ್ರು ಬುಡು. ಬತ್ತಾ ಇವ್ನಿ."

ಅವನು ನಾಲ್ಕು ಮಹಡಿ ಹತ್ತಿಬರಲು ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಈಗಲೂ ಕೆಲವು ದಿನ, ನಾನು ಪಾಠ ಹೇಳುವ ಸೇಲಂ ಕಾಲೇಜಿನ ಮೆಟ್ಟಿಲಿನ ಮೇಲೆ ನಿಂತಾಗ ಆ ಹೊತ್ತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗ ನನ್ನ ಹಿಂದೆ, ಕುರ್ಚಿಯಿಂದ ಏಳಲಾರದ ಅವ್ವ ಬಗ್ಗಿ ನನ್ನ ಕುರ್ತಾದ ತುದಿ ಹಿಡಿದಿದ್ದಳು. ಆ ಎರಡು ಬೆರಳಗಲದ ಬಟ್ಟೆಯ ಎಳೆತ ಬೆನ್ನಿಗೆ ತಿಳಿಯುತ್ತಿತ್ತು.

ಅವನು ಓಡಿಬಂದವನು ಬಾಲ್ಕನಿಗೆ ನುಗ್ಗಲಿಲ್ಲ. ಹೊಸ್ತಿಲಲ್ಲಿ ನಿಂತ. ಮಂಡಿಯೂರಿದ. ಟಕ್. ಆಗಲೂ ನೆಲ ತಟ್ಟಿ ಕೇಳಿದ! ಆಮೇಲೆ ಹೊಟ್ಟೆಯ ಮೇಲೆ ಮಲಗಿ ಎಡಕ್ಕೆ ತೆವಳಿ, ಆ ಹುಡುಗಿಯ ಸೊಂಟದ ಬಟ್ಟೆ ಹಿಡಿದು ಒಳಗೆ ಎಳೆದ.

"ಅಣ್ಣ, ನನ್ನ ಮಗಳು!" ಎಂದು ಅವ್ವ ಚೀರಿದಳು.

"ಅವಳು ಕಡೇಗೆ."

"ಅಣ್ಣಾ!"

"ಅವಳು ನಡುವೆ ಅವ್ಳೆ. ಅವಳ ಮೊದ್ಲು ತಗುದ್ರೆ ಎರಡು ಕಡೆಗೂ ಒಯ್ದಾಡಿ ಎಲ್ಲಾ ಓಯ್ತದೆ. ಸುಮ್ಕಿರು." ಅವನ ದನಿ ಏರಲಿಲ್ಲ. ಘಾಟಿನಲ್ಲಿ ವಾಲಿ ನಿಂತ ಲಾರಿಯಿಂದ ಮೂಟೆ ಇಳಿಸುವವನ ದನಿ ಅದು. ತೊಪ್ಪೂರಿನ ಇಳಿಜಾರಿನಲ್ಲಿ ಅಂಥ ಲಾರಿ ಇಳಿಸಿದ್ದನ್ನು ಚಿಕ್ಕಂದಿನಲ್ಲಿ ನನಗೆ ಎಷ್ಟೋ ಸಲ ಹೇಳಿದ್ದ. ಅಂಚಿನವು ಮೊದಲು, ಒಂದು ಈ ಕಡೆ, ಒಂದು ಆ ಕಡೆ, ನಡುವಿನದು ಕೊನೆಗೆ.

ಬಲತುದಿಯ ಗಂಡಸನ್ನು ಎಳೆದ. ಆತನ ಕೈ ಪಟ್ಟಿ ಬಿಡಲೊಲ್ಲದು. ದೊಡ್ಡಮಾವ ಒಂದೊಂದೇ ಬೆರಳು ಬಿಡಿಸಿದ. ನಂತರ ನನ್ನ ಪಕ್ಕದ ಹೆಂಗಸು. ಆಕೆ ಹೋದಾಗ ಪಟ್ಟಿ ನನ್ನ ಎದೆಯ ಕೆಳಗೆ ಒಮ್ಮೆ ಹೊರಳಿತು. ಆಮೇಲೆ ನಾನೊಬ್ಬಳೇ, ಮೂರು ಟವಲಿನೊಡನೆ.

"ಈಗ ನೀನು, ಕಣ್ಣು. ಕಡ್ಲು ನೋಡ್ತಾ ಇರು. ಕೆಳಕ್ಕೆ ನೋಡ್ಬ್ಯಾಡ."

ನಾನು ಕಡಲು ನೋಡಿದೆ. ಅಷ್ಟು ದೊಡ್ಡದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ. ಸೊಂಟಕ್ಕೆ ಅವನ ಕೈ ಬಿತ್ತು. ಬೆನ್ನಿಗೆ ನೆಲ ಸಿಕ್ಕಿತು.

ಆತ, ಹಿಂದಿನ ಸಂಜೆ ನಕ್ಕವನು, ದೊಡ್ಡಮಾವನ ಕಾಲು ಹಿಡಿದು ಕೂತುಬಿಟ್ಟ. "ಬುಡಿ ಸಾರ್, ಬುಡಿ" ಎಂದು ಇವನು ಕಾಲು ಎಳೆದುಕೊಂಡ. ಮ್ಯಾನೇಜರು ಕತ್ತಿ ತಂದು ಹಗ್ಗ ಕೊಯ್ಯಲು ಬಂದಾಗ ಮಾತ್ರ ಗದರಿದ. ಕಟಕಟೆಯನ್ನು ಜನ ಸೇರಿ ಒಳಗೆಳೆದ ಮೇಲೆ ಕೂತು ತಾನೇ ಗಂಟು ಬಿಚ್ಚಿದ. ಅದು ಎಷ್ಟು ಬಿಗಿದಿತ್ತೆಂದರೆ ಬಿಚ್ಚಲು ಅರ್ಧ ಗಂಟೆ ಹಿಡಿಯಿತು.

ಹಿಂಬದಿ ಫ್ಲ್ಯಾಟಿನಲ್ಲಿ ಟೀ ಕೊಟ್ಟಾಗ ಅವನು ಲೋಟ ಕೆಳಗಿಟ್ಟ. "ನಾಕಾಳು ತಡಿತದೆ ಅಂತ ನಂಗೇನು ಗೊತ್ತು?" ಎಂದ, ಯಾರನ್ನೂ ನೋಡದೆ. "ಏನಾರ ಆದ್ರೆ ಒಬ್ರುನ್ನ ಇಡೀಲಿ ಅಂತ ಕಟ್ಟಿದ್ದೆ. ಅವ್ರ ಬಾಗ್ಲಲ್ಲಿ ನಿಂತು ಜಗಳ ಆಡ್ಬೇಕಿತ್ತು. ಡ್ರೈವರ್ ಅಂದ್ರೆ ನಕ್ರಲ್ಲ, ನಂಗೂ ನಾಚ್ಕೆ ಆಗೋಯ್ತು."

ನಾನು ಅವನನ್ನು ಮರುಳ ಎಂದದ್ದನ್ನು ಆಗ ಹೇಳಬೇಕಿತ್ತು. ಹೇಳಲಿಲ್ಲ. ಮುಂದೆಯೂ ಹೇಳಲಾಗಲಿಲ್ಲ. ಅವ್ವ ಅಡುಗೆಮನೆಯ ಮಂಚದ ಮೇಲೆ ಮಲಗಿ, "ನಂಗೆ ಅಂಚೇ ಸಾಕು ಕಣಣ್ಣ" ಎಂದಳು. ಇನ್ನೆರಡು ದಿನ ಇದ್ದೆವು. ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಆ ಒಂದು ಮೊಳ ಕಡಲು ಅಲ್ಲೇ ಇರುತ್ತಿತ್ತು.

ಹೋದ ವರ್ಷ ದೊಡ್ಡಮಾವ ಊರಿನಲ್ಲೇ ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ ಒರಗಿದವನು ಏಳಲಿಲ್ಲ. ಚಟ್ಟ ಕಟ್ಟುವವರು ಹಗ್ಗ ಸಾಲದೆಂದು ವ್ಯಾನಿನ ಹಿಂದಿದ್ದ ಸುರುಳಿ ಎತ್ತಿ ತಂದರು. ಅವ್ವ ಕೋಲು ಅಡ್ಡ ಹಿಡಿದಳು. "ಅದ ಮುಟ್ಬ್ಯಾಡ್ರಿ. ಅದು ನನ್ನ ಮಗಳ ಇಡ್ಕಂಡಿದ್ದ ಅಗ್ಗ." ಯಾರೋ ಮೇಚೇರಿಗೆ ಹೋಗಿ ಹೊಸ ಹಗ್ಗ ತಂದರು.

ಹಳೆಯದು ಈಗ ಸೇಲಮ್ಮಿನ ನಮ್ಮ ಮನೆಯ ತಾರಸಿಯಲ್ಲಿದೆ, ಎರಡು ಕಂಬಗಳ ನಡುವೆ. ಮ್ಯಾನೇಜರಿಗೆ ಅವನು ಹೇಳಿದ ಹಾಗೆಯೇ, ಬಟ್ಟೆ ಒಣಹಾಕಲು. ಸಂಜೆ ಅವ್ವನ ಸೀರೆ ತೆಗೆಯಲು ಹೋದಾಗ ನಾನು ನಡುಬೆರಳಿನ ಗೆಣ್ಣಿನಿಂದ ಎರಡೂ ಕಂಬಗಳನ್ನು ತಟ್ಟುತ್ತೇನೆ. ಸದ್ದಿನಲ್ಲಿ ನನಗೆ ಏನೂ ತಿಳಿಯುವುದಿಲ್ಲ. ಆದರೂ ತಲೆ ಓರೆ ಮಾಡಿ, ಸ್ವಲ್ಪ ಹೊತ್ತು ಕೇಳುತ್ತ ನಿಲ್ಲುತ್ತೇನೆ.