ಮೂರು ಪೆಟ್ಟು, ಆಮೇಲೆ ಒಂದು

ಇಲ್ಲಿ ಚೌಡಿ ಇದೆ, ಬೋರ್ ಹೊಡೆಯಬೇಡಿ ಎಂದು ಜನ ಕೈಮುಗಿದು ಹೇಳಿದ ಜಾಗದಲ್ಲೂ ನಾನು ಬೋರ್ ಹೊಡೆದಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ನೆಲದೊಳಗೆ ನನ್ನ ಗಾಡಿಯ ರಾಡು ಇಳಿದಿದೆ. ಮಣ್ಣು, ಶಿಲೆ, ಅದೃಷ್ಟವಿದ್ದರೆ ನೀರು. ಬೇರೇನೂ ಮೇಲೆ ಬಂದದ್ದು ಕಾಣೆ. ಸತ್ತವರು ಮಾತಾಡಿದರು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಪ್ಪನೂ ಬೋರ್ ಗಾಡಿಯವನೇ. ಕಂಪ್ರೆಸರ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಅದಕ್ಕೇ ಅಪ್ಪ ನಟ್ಟು ಬಿಗಿಯುವ ಪಾನಾದಿಂದ ಗಾಡಿಯ ಕಬ್ಬಿಣದ ಕಂಬಕ್ಕೆ ಬಡಿಯುತ್ತಿದ್ದ. ಮೂರು ಪೆಟ್ಟು, ಸ್ವಲ್ಪ ಬಿಟ್ಟು ಒಂದು. ಅಂದರೆ ನಿಲ್ಲಿಸು, ರಾಡು ಎತ್ತು. ಕಂಬದ ಮೇಲೆ ಕೈ ಇಟ್ಟು ನಿಂತ ನನಗೆ ಅದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತಿತ್ತು. ಬೇರೆ ಯಾವ ಗಾಡಿಯಲ್ಲೂ ಈ ಗುರುತು ಇರಲಿಲ್ಲ. ಅಪ್ಪ, ನಾನು, ರಜೆಯಲ್ಲಿ ಬುತ್ತಿ ತರುತ್ತಿದ್ದ ತಂಗಿ, ನಮ್ಮ ಮೂವರಿಗೇ ಅದು ಗೊತ್ತು.

ತಂಗಿ ಓದಿದಳು. ಇಂಜಿನಿಯರಿಂಗ್ ಮುಗಿಸಿ ಪಿಎಚ್‌ಡಿಗೆ ಸೇರಿದಳು. ಎಣ್ಣೆ ಬಾವಿ ಕೊರೆಯುವಾಗ ಮೈಲುಗಟ್ಟಲೆ ಉದ್ದದ ರಾಡು ನಡುಗಿ ನಡುಗಿ ಮುರಿಯುತ್ತದಂತೆ. ಆ ನಡುಕವನ್ನು ಮೊದಲೇ ತಿಳಿಯುವುದು ಹೇಗೆ ಎಂಬುದು ಅವಳ ಸಂಶೋಧನೆ. ಶಿಷ್ಯವೇತನವೂ ಸಿಕ್ಕಿತ್ತು. ಎಣ್ಣೆ ಬಾವಿಗೆ ಹೋಗುವ ಮೊದಲು ನಮ್ಮ ಬೋರ್‌ಗಳಲ್ಲಿ ಪರೀಕ್ಷೆ ಮಾಡಬೇಕೆಂದಳು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪೆಟ್ಟಿಗೆಯೊಂದನ್ನು ಕಂಬಕ್ಕೆ ಕಟ್ಟಿದರೆ ನಡುಕವೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಹನ್ನೆರಡು ಬೋರ್‌ಗಳ ದಾಖಲೆ ಬೇಕಿತ್ತು. ಅದು ಸರಿಯಾಗಿ ಬಂದರೆ ಮಾತ್ರ ಶಿಷ್ಯವೇತನ ಮುಂದುವರಿಯುತ್ತದೆ ಎಂದು ಅವಳೇ ನನಗೆ ಹೇಳಿದ್ದಳು. ನಾನು ತಿಳಿಯದೆ ಮಾಡಿದವನಲ್ಲ.

ಪೆಟ್ಟಿಗೆ ಕೊಡಲು ಬಂದ ದಿನ ಅವಳ ಪ್ರೊಫೆಸರರೂ ಜೊತೆಗಿದ್ದರು. ನಾನು ಮೈಯೆಲ್ಲ ಕಲ್ಲಿನ ಹಿಟ್ಟು ಮೆತ್ತಿಕೊಂಡು ನಿಂತಿದ್ದೆ. "ಇವರು ಯಾರು?" ಎಂದರು. ತಂಗಿ ನನ್ನ ಮುಖ ನೋಡದೆ, "ಇಲ್ಲಿಯ ಆಪರೇಟರ್, ಸರ್" ಎಂದಳು.

ಅವರ ಕಾರು ಹೋದಮೇಲೆ, ನನ್ನ ಜೊತೆ ಕೆಲಸ ಮಾಡುವ ಹಾನಗಲ್ ಕಡೆಯ ಬಸಣ್ಣ ಹಲ್ಲು ಕಿರಿದ. "ಏನ್ರಿ ಆಪರೇಟರ್ ಸಾಹೇಬ್ರ, ಆ ಮೇಡಮ್ಮಾರನ್ನ ಎಲ್ಲ್ಯರ ನೋಡಿದಂಗ ಐತೇನ್ರಿ?"

"ಸುಮ್ನಿರು ಮಾರಾಯ" ಎಂದೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷ. ಅವನಿದ್ದಿದ್ದರೆ ಅವನನ್ನೂ ಆಪರೇಟರ್ ಎನ್ನುತ್ತಿದ್ದಳೇ? ಆ ಮಾತು ದಿನದಿನಕ್ಕೂ ನನ್ನೊಳಗೆ ಇನ್ನಷ್ಟು ಆಳಕ್ಕೆ ಇಳಿಯಿತು. ಇವಳಿಗೆ ಆಪರೇಟರ್ ಎಂದರೆ ಏನೆಂದು ತೋರಿಸುತ್ತೇನೆ ಎಂದುಕೊಂಡೆ.

ಯಲ್ಲಾಪುರದ ಹೊರಗೆ ಗೆಳೆಯನ ಸಾಮಿಲ್ಲು ಇದೆ. ಪೆಟ್ಟಿಗೆಯನ್ನು ಒಂದು ಬೋರಿಗೂ ಕಟ್ಟದೆ, ಅಲ್ಲಿ ಮರ ಕೊಯ್ಯುವ ಯಂತ್ರದ ಕಬ್ಬಿಣದ ಕಾಲಿಗೆ ಕಟ್ಟಿದೆ. ಒಂದು ದಿಮ್ಮಿ ಕೊಯ್ದರೆ ಒಂದು ಬೋರಿನ ಲೆಕ್ಕ. ಅವಳು ಕೊಟ್ಟ ಹಾಳೆಯಲ್ಲಿ ಇಷ್ಟು ಅಡಿ ಮಣ್ಣು, ಇಷ್ಟು ಅಡಿ ಶಿಲೆ ಎಂದು ಮನಸ್ಸಿಗೆ ಬಂದದ್ದು ಬರೆದೆ. ಬರೆಯುವಾಗ ಖುಷಿಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. "ಎಂತದಾ ಅದು?" ಎಂದ ಗೆಳೆಯ. "ಸಾಗವಾನಿಗೆ ಇಸಿಜಿ" ಎಂದೆ.

ಹನ್ನೆರಡನೆಯ ದಿಮ್ಮಿ ಅರ್ಧ ಕೊಯ್ದಾಗ ಕರೆಂಟು ಹೋಯಿತು. ಮಟಮಟ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋದರು. ಗರಗಸ ಪೂರ್ತಿ ನಿಂತಮೇಲೆ ಪೆಟ್ಟಿಗೆ ಬಿಚ್ಚಲು ಬಗ್ಗಿ, ಕಬ್ಬಿಣದ ಮೇಲೆ ಎಡಗೈ ಊರಿದೆ. ಅಂಗೈಗೆ ಪೆಟ್ಟು ತಾಗಿತು. ಮೂರು. ಸ್ವಲ್ಪ ಬಿಟ್ಟು ಒಂದು.

ಕಿವಿಗೆ ಏನೂ ಕೇಳಲಿಲ್ಲ. ಕೈ ತೆಗೆದೆ. ಯಂತ್ರದ ಹಿಂದೆ, ದಿಮ್ಮಿಗಳ ರಾಶಿಯ ಆಚೆ ಹೋಗಿ ನೋಡಿದೆ. ಯಾರೂ ಇಲ್ಲ. ಹೆದ್ದಾರಿಯಲ್ಲಿ ಲಾರಿ ಹೋದ ನಡುಕವಿರಬೇಕು ಎಂದುಕೊಂಡು ಮತ್ತೆ ಕೈ ಇಟ್ಟೆ. ಮತ್ತೆ ಮೂರು, ಒಂದು. ಕೊನೆಯ ಪೆಟ್ಟು ಉಳಿದವಕ್ಕಿಂತ ಜೋರು. ಸಿಟ್ಟು ಬಂದಾಗ ಅಪ್ಪ ಬಡಿಯುತ್ತಿದ್ದುದು ಹಾಗೆಯೇ.

ನಿಲ್ಲಿಸು ಎಂದದ್ದು ನನಗೆ ತಿಳಿಯಿತು. ತಿಳಿದೂ ನಿಲ್ಲಿಸಲಿಲ್ಲ. ಪೆಟ್ಟಿಗೆ ಬಿಚ್ಚಿ ಅದೇ ದಿನ ಕೊರಿಯರ್ ಮಾಡಿದೆ. ಹೆದರಿಕೆಗಿಂತ ಸೇಡು ದೊಡ್ಡದಾಗಿತ್ತು.

ನಾಲ್ಕು ತಿಂಗಳ ಮೇಲೆ ತಂಗಿಯ ಫೋನು ಬಂತು. ದಾಖಲೆ ಯಾವುದಕ್ಕೂ ಹೊಂದದೆ ಎಲ್ಲರೆದುರು ಬೈಸಿಕೊಂಡಿದ್ದಳು, ಶಿಷ್ಯವೇತನ ನಿಂತಿತ್ತು. ಪೆಟ್ಟಿಗೆಯೇ ಕೆಟ್ಟಿತ್ತೆಂದು ತಿಳಿದಿದ್ದಳು. ನನ್ನ ಮೇಲೆ ಚೂರೂ ಸಂಶಯವಿಲ್ಲ. ನಾನು ಕಾದಿದ್ದ ಸುದ್ದಿಯೇ ಅದು. ಪೂರ್ತಿ ಹೇಳಲಿ ಎಂದು ಸುಮ್ಮನೆ ಕೇಳುತ್ತ ಕೂತಿದ್ದೆ. ಆಮೇಲೆ ಅವಳು ಕೇಳಿದಳು:

"ಅಣ್ಣ, ಹನ್ನೆರಡನೇ ಬೋರ್ ಉಂಟಲ್ಲ, ಗಾಡಿ ಬಂದ್ ಆದಮೇಲೆ ಎರಡು ಸಲ ಪಾನಾ ಬಡಿದದ್ದು ಅದರಲ್ಲಿ ಬಂದದೆ. ಮೂರು, ಆಮೇಲೆ ಒಂದು. ನೀನೇ ಅಲ್ವಾ?"

"ಹೌದು" ಎಂದೆ.

ಅವಳು ಅತ್ತಳು. "ಅವತ್ತು ಸರ್ ಎದುರಿಗೆ ನಾ ನಿನ್ನ ಅಣ್ಣ ಅಂತ ಹೇಳ್ಲಿಲ್ಲ. ಆದ್ರೂ ನೀನು ಅಪ್ಪನ ಗುರುತು ಹಾಕಿ ಕಳಿಸಿದೆ. ಬೇರೆ ಎಲ್ಲಾ ಅಳಿಸಿ ಹಾಕ್ದೆ ಅಣ್ಣ. ಅದೊಂದನ್ನ ಇಟ್ಕಂಡಿದ್ದೆ."

ಪಿಎಚ್‌ಡಿ ಅರ್ಧಕ್ಕೇ ಬಿಟ್ಟ ಅವಳು ಈಗ ಡಿಪ್ಲೊಮಾ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹಬ್ಬಕ್ಕೆ ಬಂದಾಗ ಊಟದ ತಟ್ಟೆಯ ಅಂಚಿಗೆ ಚಮಚದಿಂದ ಹಾಗೆಯೇ ಬಡಿದು, ನನ್ನನ್ನು ನೋಡಿ ನಗುತ್ತಾಳೆ. ನಾನೂ ನಗುತ್ತೇನೆ. ನನಗೆ ಭ್ರಮೆಯಾಗಿತ್ತು ಎಂದರೆ ಆ ಪೆಟ್ಟಿಗೆಗೂ ಭ್ರಮೆಯಾಯಿತೇ? ಲಾರಿಯ ನಡುಕ ಎಂದರೆ, ಲಾರಿಗೆ ಅಪ್ಪನ ಗುರುತು ಯಾರು ಹೇಳಿಕೊಟ್ಟರು? ಕರೆಂಟು ಇಲ್ಲದ ಹೊತ್ತು ನೋಡಿ ಆ ಸಾಮಿಲ್ಲಿಗೆ ಹೋಗಿ, ಅದೇ ಕಬ್ಬಿಣದ ಮೇಲೆ ಎಷ್ಟೋ ಸಲ ಕೈ ಇಟ್ಟಿದ್ದೇನೆ. ತಣ್ಣಗಿರುತ್ತದೆ, ಅಷ್ಟೆ.

ಇದನ್ನು ಅವಳು ಓದುತ್ತಾಳೆ. ಓದಲೆಂದೇ ಬರೆದೆ. ತಂಗಿ, ಪೆಟ್ಟಿಗೆ ಕೆಟ್ಟಿರಲಿಲ್ಲ. ಪಾನಾ ಬಡಿದದ್ದು ನಾನಲ್ಲ.