ಅತ್ತೆಯ ಕರಡಿಗೆ ಎಲ್ಲಿತ್ತು?

ನಾನು ದೇವರನ್ನು ನಂಬುವವಳು. ಆದರೆ ದೇವರ ಹೆಸರಿನಲ್ಲಿ ಜನ ಹೇಳುವ ಪವಾಡಗಳನ್ನು ನಂಬುತ್ತಿರಲಿಲ್ಲ. ಪಟದಿಂದ ಹೂ ತಾನಾಗಿ ಬಿತ್ತು ಎಂದರೆ, ಫ್ಯಾನ್ ಹಾಕಿದ್ರೇನು ಎಂದು ಕೇಳುವವರ ಪೈಕಿ ನಾನು. ಕೆಲವು ವರ್ಷಗಳ ಹಿಂದೆ ಹಾಡುಹಗಲಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಘಟ್ಟ ಇಳಿಯುವ ರೈಲಿನಲ್ಲಿ ಗಾಜಿನ ಚಾವಣಿಯ ಬೋಗಿ ಇದೆ, ಕುರ್ಚಿ ಸುತ್ತಲೂ ತಿರುಗುತ್ತದೆ ಎಂದು ನಮ್ಮ ಯಜಮಾನರಿಗೆ ಯಾರೋ ಹೇಳಿದ್ದರು. ಎರಡು ತಿಂಗಳು ಮುಂಚೆಯೇ ಮೂರು ಟಿಕೆಟ್ ತೆಗೆಸಿದರು: ಅವರಿಗೆ, ನನಗೆ, ಎಪ್ಪತ್ತೆರಡು ವರ್ಷದ ನಮ್ಮ ಅತ್ತೆಗೆ. ನಸುಕಿನಲ್ಲಿ ದಾವಣಗೆರೆ ಬಿಟ್ಟು, ಮುಂದೆ ಗಾಜಿನ ಬೋಗಿಗೆ ಬದಲಾಯಿಸಬೇಕಿತ್ತು. ಅತ್ತೆ ನಾಲ್ಕಕ್ಕೇ ಎದ್ದು ಸ್ನಾನ ಮಾಡಿ, ದೇವರ ಜಗುಲಿಯ ಮುಂದೆ ಲಿಂಗಪೂಜೆ ಮುಗಿಸಿ, ಅಲ್ಲೇ ಕೂತು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ತಿಂಡಿ ರೈಲಿನಲ್ಲಿ ಎಂದು ಮಾತಾಗಿತ್ತು. ಹೊರಗೆ ಆಟೋದವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ, ಒಳಗೆ ಯಜಮಾನರು ಅವನಿಗಿಂತ ಜೋರಾಗಿ ಕೂಗುತ್ತಿದ್ದರು.

ಹರಿಹರ ಬಿಟ್ಟು ರೈಲು ಹೊಳೆಯ ಸೇತುವೆಗೆ ಬಂದಾಗ ಅತ್ತೆ ಎಂದಿನಂತೆ ಕೈಮುಗಿದು, ಕೊರಳಿನ ಕರಡಿಗೆಯನ್ನು ಕಣ್ಣಿಗೊತ್ತಿಕೊಳ್ಳಲು ಎದೆಗೆ ಕೈ ಹಾಕಿದರು. ಕೊರಳಲ್ಲಿ ಕರಡಿಗೆ ಇರಲಿಲ್ಲ. ಲಿಂಗವಿಡುವ ಆ ಬೆಳ್ಳಿಯ ಡಬ್ಬಿ ಮದುವೆಯಾಗಿ ಬಂದಾಗಿನಿಂದ ಅವರ ಮೈಮೇಲೇ ಇದ್ದದ್ದು. ಲಿಂಗ ಮೈಮೇಲೆ ಇಲ್ಲದಿದ್ದರೆ ಅವರು ಒಂದು ಹನಿ ನೀರೂ ಮುಟ್ಟುವವರಲ್ಲ.

ಚೀಲಗಳನ್ನೆಲ್ಲ ಸುರುವಿ ನೋಡಿದೆ. ಪಕ್ಕದ ಮನೆಯ ಗಿರಿಜಮ್ಮನ ಹತ್ತಿರ ನಮ್ಮ ಮನೆಯ ಕೀ ಇರುತ್ತದೆ. ಫೋನ್ ಮಾಡಿದೆ. ಹತ್ತೇ ನಿಮಿಷಕ್ಕೆ ಆಕೆ ತಿರುಗಿ ಮಾಡಿದಳು.

"ಇಲ್ಲೇ ಐತೆ ಕಣ್ರಿ, ಜಗುಲಿ ಮ್ಯಾಲೆ. ಒಂದು ಕಣಗಲೆ ಹೂ ಏರ್ಸಿ, ಬೀಗ ಹಾಕ್ಕೊಂಡು ಬಂದೀನಿ. ಫೋಟೋ ಕಳಿಸೀನಿ, ಅಮ್ಮಾರಿಗೆ ತೋರ್ಸ್ರಿ."

ಫೋಟೋ ಬಂತು. ಅದೇ ಕರಡಿಗೆ, ಮುಚ್ಚಳದ ಮೇಲೆ ಅದೇ ನೆಗ್ಗು, ಕೆಂಪು ಶಿವದಾರ, ಮೇಲೆ ಹೂ. ಅತ್ತೆ ಫೋನಿಗೇ ಕೈಮುಗಿದರು.

"ಸಿಕ್ತಲ್ಲ, ಇನ್ನ ತಿಂಡಿ ತಿನ್ರಿ ಅತ್ತೆಮ್ಮ," ಎಂದೆ.

"ಫೋಟೋ ಕಟ್ಕಂಡು ಉಣ್ಣಾಕಾಗತ್ತೇನೆ?"

ನನ್ನ ಕರಡಿಗೆ ಬಿಚ್ಚಿ ಕೊಡಲು ಹೋದೆ. ಒಬ್ಬರ ಲಿಂಗ ಇನ್ನೊಬ್ಬರು ಕಟ್ಟಿಕೊಳ್ಳುವಂತಿಲ್ಲ; ಆಡಬಾರದ್ದನ್ನು ಆಡಿದೆ ಎನ್ನುವಂತೆ ನೋಡಿದರು. ಇಳಿದು ವಾಪಸ್ಸು ಹೋಗೋಣ ಎಂದರೆ ಯಜಮಾನರಿಗೆ ಟಿಕೆಟ್ ಚಿಂತೆ. ಅತ್ತೆಯಾದರೂ ಹೂಂ ಎನ್ನಬೇಡವೇ? "ನನ್ನ ದೆಸೆಯಿಂದ ಯಾಕ ಹಾಳ್ಮಾಡ್ತೀರಿ, ಒಂದಿನ ಉಪಾಸ ಇದ್ರೆ ಸಾಯಲ್ಲ," ಎಂದರು. ತಾಯಿಗೂ ಮಗನಿಗೂ ಮಧ್ಯೆ ನಾನು ತಿಂಡಿಯ ಡಬ್ಬಿ ಹಿಡಿದು ಕೂತೆ.

ಗಾಜಿನ ಬೋಗಿ ಸೇರಿದ ಮೇಲೆ ಎಲ್ಲರೂ ಕತ್ತು ಮೇಲೆತ್ತಿ ಬೆಟ್ಟ ನೋಡುತ್ತಿದ್ದರು. ಯಜಮಾನರು ಕುರ್ಚಿ ತಿರುಗಿಸುತ್ತಾ, ವಿಡಿಯೋ ತೆಗೆಯುತ್ತಲೇ ತಾಯಿಗೆ ಹೇಳಿದರು:

"ಉಣ್ಣವ್ವ. ಚಾವಣಿನೂ ಗಾಜಿಂದೈತೆ, ಶಿವ ಮ್ಯಾಲಿಂದ ನಿನ್ನ ನೋಡ್ತಾನೆ."

"ಅದಕ್ಕೇ ಉಣ್ಣಲ್ಲ," ಎಂದರು ಅತ್ತೆ.

ಹನ್ನೊಂದರ ಹೊತ್ತಿಗೆ ಅವರ ಹಣೆ ಬೆವರಿತು. ಕೈ ತಣ್ಣಗಾಗಿ ನಡುಗತೊಡಗಿತು, ಮಾತು ತೊದಲಿತು. ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಬೆಲ್ಲದ ಚೂರು ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡರು. ಅಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿತು, ಬೋಗಿಯೆಲ್ಲ ಕತ್ತಲಾಯಿತು. ಬೆಳಕು ಬಂದ ತಕ್ಷಣ ಬಲವಂತವಾಗಿಯಾದರೂ ತುರುಕುವುದೇ ಸೈ, ಪಾಪ ಬಂದರೆ ನನಗೇ ಬರಲಿ ಎಂದುಕೊಂಡು ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕತ್ತಲಲ್ಲಿ ಅತ್ತೆ ಮೆಲ್ಲಗೆ, "ಬಂದ್ಯಾ?" ಎಂದರು. ಅಷ್ಟೇ.

ಬೆಳಕು ಬಂದಾಗ ಅವರ ಕೈಗಳು ನನ್ನ ಕೈಯಲ್ಲೇ ಇದ್ದವು. ಕೊರಳಲ್ಲಿ ಕೆಂಪು ಶಿವದಾರವಿತ್ತು. ಸೆರಗಿನ ಮೇಲೆ, ನೆಗ್ಗಿದ ಮುಚ್ಚಳದ ಆ ಕರಡಿಗೆ.

ಅವರು ಕೈ ಬಿಡಿಸಿಕೊಂಡು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಬೆಲ್ಲ ಇಸಿದುಕೊಂಡು ತಿಂದರು. ಆಮೇಲೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಷ್ಟು ರುಚಿಯಾಗಿ ಅವರು ಉಂಡದ್ದನ್ನು ನಾನು ಯಾವತ್ತೂ ನೋಡಿಲ್ಲ. ಜೀವ ಉಳಿಯಿತಲ್ಲ, ಆ ಹೊತ್ತಿಗೆ ನನಗೆ ಅಷ್ಟೇ ಸಾಕಾಗಿತ್ತು.

ಯಜಮಾನರು ಫೋನಿನಿಂದ ಕಣ್ಣು ತೆಗೆದು, "ಸಿಕ್ತಾ? ಚೀಲದಾಗೇ ಇತ್ತೇನೋ, ನೀವು ಸರಿ ಹುಡುಕಲ್ಲ," ಎಂದರು. ಫೋಟೋ ತೋರಿಸಿದೆ. ನೆಗ್ಗನ್ನು ದೊಡ್ಡದು ಮಾಡಿ ನೋಡಿದರು, ತಾಯಿಯ ಕೊರಳಿನದನ್ನೂ ನೋಡಿದರು. "ಎರಡಿದ್ವೇನೋ," ಎಂದರು. ನನಗೆ ಬಂದ ಸಿಟ್ಟಿಗೆ ಆ ಗಾಜಿನ ಚಾವಣಿ ಒಡೆಯಬೇಕಿತ್ತು.

ಮರುದಿನ ಮನೆಗೆ ಬಂದೆವು. ಬೀಗ ಹಾಕಿದ ಹಾಗೇ ಇತ್ತು. ಜಗುಲಿಯ ಮೇಲೆ ಬಾಡಿದ ಕಣಗಲೆ ಹೂ ಒಂದೇ ಬಿದ್ದಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಗಿರಿಜಮ್ಮನನ್ನು ಕೇಳಿದರೆ, ಕಳ್ಳತನ ಹೊರಿಸಿದೆನೆಂದು ತಿಳಿದು ಹದಿನೈದು ದಿನ ಮಾತು ಬಿಟ್ಟಳು. ಅದನ್ನೂ ನಾನೇ ಅನುಭವಿಸಬೇಕಾಯಿತು.

ಅತ್ತೆಯನ್ನು ಎಷ್ಟೋ ಸಲ ಕೇಳಿದ್ದೇನೆ. "ಕತ್ತಲಾಗೆ ಬಂದ್ಯಾ ಅಂದ್ರಲ್ಲ, ಯಾರಿಗೆ?"

"ನಂಗೇನು ಗೊತ್ತವ್ವ. ಹಸಿವಾಗಿತ್ತು," ಎನ್ನುತ್ತಾರೆ, ಬೇಳೆ ಆರಿಸುತ್ತಾ.

ಘಟ್ಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ನಾನು ಘಟ್ಟ ನೋಡಲೇ ಇಲ್ಲ ಎನ್ನುತ್ತೇನೆ. ನೋಡಿದ್ದು ಏನೆಂದೂ ಹೇಳಲು ಬರುವುದಿಲ್ಲ. ಈಗ ಎಲ್ಲಿಗೆ ಹೊರಟರೂ ಮೊದಲು ಅತ್ತೆಯ ಕೊರಳು ಮುಟ್ಟಿ ನೋಡುತ್ತೇನೆ. ಕರಡಿಗೆ ಇರುತ್ತದೆ. ಆದರೂ ಬೀಗ ಹಾಕುವ ಮುಂಚೆ ಒಳಗೆ ಹೋಗಿ ಜಗುಲಿಯನ್ನೂ ಒಮ್ಮೆ ನೋಡಿ ಬರುತ್ತೇನೆ.