ಗೋಡೆಯ ರುಚಿ ನೋಡುತ್ತಿದ್ದ ಮುನಿತಾಯಮ್ಮ

ಮುನಿತಾಯಮ್ಮ ಗೋಡೆಯನ್ನು ನಾಲಿಗೆಯಿಂದ ಪರೀಕ್ಷಿಸುತ್ತಿದ್ದಳು. ಮನೆಯೊಳಗೆ ಕಾಲಿಟ್ಟ ಕೂಡಲೇ ಯಾವುದಾದರೂ ಒಂದು ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂರುವಳು. ನೆಲದಿಂದ ಒಂದು ಗೇಣು ಮೇಲೆ ಹೆಬ್ಬೆರಳ ಉಗುರಿನಿಂದ ಗಾರೆಯನ್ನು ಕೆರೆದು, ಆ ಪುಡಿಯನ್ನು ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚುವಳು. ಸಪ್ಪೆಯಾಗಿದ್ದರೆ ತಲೆಯಾಡಿಸಿ ಎದ್ದು ಮುಂದಿನ ಮೂಲೆಗೆ ಹೋಗುವಳು. ಉಪ್ಪಾಗಿದ್ದರೆ ಅಲ್ಲೇ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಳ್ಳುವಳು.

"ನೆಲದ ನೀರು ಗೋಡೆ ಹತ್ತುತಾ ಐತೆ ಕಣವ್ವ. ಇದಕ್ಕೆ ಎಷ್ಟು ಸುಣ್ಣ ಬಳುದ್ರೂ ಅಷ್ಟೇಯ. ಜ್ವರ ಒಳಗೈತೆ, ಮಕ ತೊಳುದ್ರೆ ಹೋಯ್ತದಾ?"

ಅವಳು ಮೇಸ್ತ್ರಿಯಲ್ಲ. ಗಾರೆ ಹೊರುವ ಆಳು. ರಾಜಾಜಿನಗರದಲ್ಲಿ ಸಾಲುಸಾಲಾಗಿ ಮನೆಗಳು ಎದ್ದ ಕಾಲದಿಂದ ಅವಳ ತಲೆಯ ಮೇಲೆ ಬಾಣಲಿ ಕೂತಿತ್ತು. ಐವತ್ತರ ಆಚೀಚಿನ ಒಣಕಲು ಹೆಂಗಸು. ಸುಣ್ಣ ತಿಂದು ಬಿಳಿಚಿದ ಹಿಮ್ಮಡಿ, ಹೊರೆಯಿಂದ ಕುತ್ತಿಗೆಗೆ ಇಳಿದುಹೋದಂತಿದ್ದ ತಲೆ. ರಸ್ತೆಯಲ್ಲಿ ನಡೆಯುವಾಗ "ಈ ಮನೆ ನಾನು ಹೊತ್ತಿದ್ದು, ಆ ಮಹಡಿ ಮನೆ ಅರ್ಧ ನಾನು ಹೊತ್ತಿದ್ದು" ಎಂದು ತೋರಿಸುವಳು. ಕಟ್ಟಿದ್ದು ಎಂದು ಒಂದು ದಿನವೂ ಹೇಳಿದವಳಲ್ಲ.

ನಾನು ಅವಳನ್ನು ಕಂಡದ್ದು ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ. ನಾನು ಆಗ ರಾಜಾಜಿನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಮಳೆಗೆ ಶಾಲೆಯ ಹಿಂದಿನ ಗೋಡೆ ಬಿದ್ದು, ಅದನ್ನು ಎತ್ತಲು ಬಂದ ಆಳುಗಳಲ್ಲಿ ಅವಳೂ ಒಬ್ಬಳು. ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ ನಾನು ಇಟ್ಟಿಗೆಯ ರಾಶಿಯ ಹಿಂದೆ ಹೋಗಿ ಕೂತು ಅಳುತ್ತಿದ್ದೆ. ಅಲ್ಲಿ ಯಾರೂ ಇಲ್ಲವೆಂದುಕೊಂಡಿದ್ದೆ. ಅವಳು ರಾಶಿಯ ಇನ್ನೊಂದು ಬದಿಯಲ್ಲಿ ಮುದ್ದೆ ಉಣ್ಣುತ್ತಿದ್ದಳು.

ಅಂದು ಬೆಳಿಗ್ಗೆ ಮನೆಯ ಮಾಲೀಕರು ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಹೇಳಿದ್ದರು. ಎರಡು ವರ್ಷದಲ್ಲಿ ಅದು ಮೂರನೆಯ ಮನೆ. ನನ್ನ ಗಂಡನಿಗೆ ಕ್ಷಯ. ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು ರಜೆ ಹಾಕಿ ಮಲಗಿದ್ದರು. ಔಷಧಿ ನಡೆಯುತ್ತಿತ್ತು, ಆದರೆ ಕೆಮ್ಮು ಗೋಡೆ ದಾಟುತ್ತಿತ್ತು. ನಾನು ಎಲ್ಲರಿಗೂ ಅಸ್ತಮಾ ಎಂದು ಹೇಳುತ್ತಿದ್ದೆ. ಮೊದಲ ವಾರಗಳು ಚೆನ್ನಾಗಿಯೇ ಹೋಗುತ್ತಿದ್ದವು. ಆಮೇಲೆ ಯಾರೋ ಔಷಧಿ ಚೀಟಿ ನೋಡುತ್ತಿದ್ದರು, ಇಲ್ಲವೇ ನಾವು ಯಾವ ಆಸ್ಪತ್ರೆಗೆ ಹೋಗಿಬರುತ್ತೇವೆಂದು ಪತ್ತೆ ಹಚ್ಚುತ್ತಿದ್ದರು. ಎರಡನೆಯ ಮನೆಯಲ್ಲಿ ಬಾವಿಗೆ ನಮಗೆಂದೇ ಬೇರೆ ಹಗ್ಗ ಕಟ್ಟಿದರು. ಮೂರನೆಯದರಲ್ಲಿ ಬಾವಿಯ ಹತ್ತಿರವೇ ಬರಬೇಡಿ ಎಂದರು.

ದಾವಣಗೆರೆ ಕಡೆ ನನ್ನ ತವರಿನವರು ಕೊಟ್ಟಿದ್ದ ಒಂದು ತುಂಡು ಹೊಲ ಮಾರಿದ್ದೆವು. ಅದರಲ್ಲಿ ಹೊಸ ಮನೆ ಬರುವಂತಿರಲಿಲ್ಲ, ಹಳೆಯದೊಂದು ಬರಬಹುದಿತ್ತು. ಆರಿಸಿದ್ದು ತಪ್ಪಾದರೆ ಇನ್ನೊಂದು ಹೊಲವಿರಲಿಲ್ಲ. ಕಣ್ಣೀರಿನ ಮಧ್ಯೆ ಇಷ್ಟನ್ನು ನಾನು ಮುನಿತಾಯಮ್ಮನಿಗೆ ಹೇಳಿದೆ. ಕಾಯಿಲೆಯ ನಿಜವಾದ ಹೆಸರು ಮಾತ್ರ ಹೇಳಲಿಲ್ಲ, ಅವಳಿಗೂ ಅಸ್ತಮಾ ಎಂದೇ ಹೇಳಿದೆ.

ಅವಳು ಕೈ ತೊಳೆದುಕೊಂಡು, "ಮನೆ ನೋಡಾಕೆ ಹೋಗ್ವಾಗ ನನ್ನ ಕರ್ಕಂಡೋಗು ಟೀಚರಮ್ಮ. ಮಾರೋನ ಮಾತು ಕೇಳ್ಬ್ಯಾಡ. ನಾನು ಗೋಡೆ ಕೇಳಿ ಯೋಳ್ತೀನಿ" ಎಂದಳು.

ಮುಂದಿನ ಭಾನುವಾರವೇ ಹೋದೆವು. ರಾಜಾಜಿನಗರದಲ್ಲೇ ಒಂದು ಮನೆ. ನಡುಮನೆಗೆ ತಿಳಿನೀಲಿ ಬಣ್ಣ ಆಗಷ್ಟೇ ಹೊಡೆದಿತ್ತು. ಶಾಲೆಗೆ ನಡೆದೇ ಹೋಗಬಹುದಾದ ದೂರ. ದಲ್ಲಾಳಿ ನನಗೆ ಕುರ್ಚಿ ಹಾಕಿ, "ಬೇರೆ ಪಾರ್ಟಿನೂ ನೋಡ್ಕೊಂಡು ಹೋಗಿದಾರೆ ಮೇಡಂ, ನಾಳೆ ಒಳಗೆ ಹೇಳ್ಬಿಡಿ" ಎಂದ. ನಾನು ಆಗಲೇ ಮನಸ್ಸಿನಲ್ಲಿ ಮಂಚ ಎಲ್ಲಿ ಹಾಕುವುದೆಂದು ನೋಡುತ್ತಿದ್ದೆ. ಮುನಿತಾಯಮ್ಮ ಮೂಲೆಯಲ್ಲಿ ಕೂತಳು, ಕೆರೆದಳು, ಉಗುಳಿದಳು. ಆಮೇಲೆ ದಲ್ಲಾಳಿಯ ಕಡೆ ತಿರುಗಿ, "ಆ ಬೀರು ಒಂಚೂರು ಜರುಗ್ಸಿ" ಎಂದಳು.

"ಯಾಕಮ್ಮ, ಬೀರು ಮಾರಾಟಕ್ಕಿಲ್ಲ."

"ಗೋಡೆ ಐತಲ್ಲ."

ಅವನು ಕದಲದಿದ್ದಾಗ ತಾನೇ ಹೆಗಲು ಕೊಟ್ಟು ತಳ್ಳಿದಳು. ಬೀರುವಿನ ಹಿಂದೆ ಸೊಂಟದೆತ್ತರಕ್ಕೆ ಗೋಡೆ ಕಪ್ಪಾಗಿ ಉಬ್ಬಿತ್ತು. ಅಂಗೈ ಇಟ್ಟರೆ ಒದ್ದೆ.

ಹೊರಗೆ ಬಂದ ಮೇಲೆ ನಾನು ಅವಳ ಮೇಲೆ ರೇಗಿದೆ. ಗೋಡೆ ಒದ್ದೆಯಿದ್ದರೇನು, ಬಾಗಿಲಿಗೆ ಹಾಕಲು ನನ್ನದೇ ಒಂದು ಚಿಲಕವಿದ್ದರೆ ಸಾಕು, ಇನ್ನು ಹದಿನೆಂಟೇ ದಿನ ಉಳಿದಿದೆ ಎಂದೆ. ಅವಳು ರಸ್ತೆಯ ಬದಿಯಲ್ಲಿ ನಿಂತು ನನ್ನ ಮಾತು ಮುಗಿಯುವವರೆಗೆ ಕಾದಳು.

"ನಿಮ್ಮ ಯಜಮಾನ್ರ ಎದೆಗೆ ಆ ಮನೆ ಆಗಕ್ಕಿಲ್ಲ ಕಣವ್ವ."

ಅವಳೇ ಮುಂದುವರಿಸಿದಳು. "ನನ್ನ ಗಂಡನೂ ಹಂಗೇ ಹೋದ. ಕೆರೆ ಪಕ್ಕದ ಗುಡ್ಲಾಗೆ, ತಂಡೀಲಿ. ನೀನು ಅಸ್ತಮಾ ಅಂದಾಗ್ಲೇ ಗೊತ್ತಾಯ್ತು. ನಾನೂ ಅಂಗೇ ಯೋಳ್ತಿದ್ದೆ."

ನಾವು ನೋಡಿದ ಎರಡನೆಯ ಮನೆ ವಿಜಯನಗರದಲ್ಲಿ. ಇದರಲ್ಲಿ ಅವಳ ನಾಲಿಗೆಗೆ ಏನೂ ಸಿಗಲಿಲ್ಲ. ತೊಲೆಗಳನ್ನು ಗುದ್ದಿ ನೋಡಿದಳು, ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿ ಅದು ಯಾವ ಕಡೆ ಓಡುತ್ತದೆಂದು ನೋಡಿದಳು, ನೀರು ಮನೆಯಾಚೆಗೇ ಹರಿಯಿತು. "ಮನೆ ಚೆಂದಾಗೈತೆ. ಈಗ ಬೀದಿ ನೋಡಾನ" ಎಂದಳು. ಅವಳು ಬೀದಿ ನೋಡುವ ಕ್ರಮ ಹೀಗಿತ್ತು: ಒಂದೊಂದೇ ಬಾಗಿಲಿಗೆ ಹೋಗಿ ಕುಡಿಯಲು ನೀರು ಕೇಳುವುದು. ಒಂದು ಮನೆಯಲ್ಲಿ ಅವಳನ್ನು ನೋಡಿ ಬಾಗಿಲು ಹಾಕಿದರು. ಇನ್ನೊಂದರಲ್ಲಿ ಮೆಟ್ಟಿಲ ಕೆಳಗೆ ನಿಲ್ಲಿಸಿ ಎತ್ತರದಿಂದ ಬೊಗಸೆಗೆ ಸುರಿದರು. ಪಕ್ಕದ ಮನೆಯ ಗೃಹಿಣಿ ಮಾತ್ರ ನನ್ನನ್ನು ಕಂಡು, ಟೀಚರ್ ಎಂದು ತಿಳಿದು, ಒಳಗೆ ಕರೆದು ಕಾಫಿ ಮಾಡಲು ಹೊರಟರು. ನನಗೆ ಎದೆ ತುಂಬಿ ಬಂತು. ಆಗ ಮುನಿತಾಯಮ್ಮ ಬಾಗಿಲಲ್ಲೇ ನಿಂತು, "ಇವರ ಯಜಮಾನ್ರಿಗೆ ಕ್ಷಯ ಐತೆ ತಾಯಿ. ಔಷ್ದಿ ಮಾಡಿಸ್ತಾವ್ರೆ. ಪಕ್ಕಕ್ಕೆ ಬಂದ್ರೆ ನಿಮಗೆ ಅಡ್ಡಿ ಇಲ್ವಾ?" ಎಂದು ಕೇಳಿಬಿಟ್ಟಳು.

ಆಕೆ ಕಾಫಿ ಮಾಡಲಿಲ್ಲ. ನಾನು ಕೂತಿದ್ದ ಚಾಪೆಯನ್ನು ನೋಡಿದರು, ನನ್ನನ್ನಲ್ಲ. ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಆ ಮನೆಯ ಮಾಲೀಕರು ಗೇಟಿನ ಹತ್ತಿರ ಬಂದು ನಿಂತಿದ್ದರು. ಮನೆ ಮಾರುವ ಯೋಚನೆ ಕೈಬಿಟ್ಟಿದ್ದೇವೆ ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ಕೈಮುಗಿದರು.

ಅಂದು ನಾನು ಮುನಿತಾಯಮ್ಮನಿಗೆ ಆಡಿದ ಮಾತುಗಳನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗಾರೆ ಹೊರುವವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದೆ. ಇನ್ನು ನನ್ನ ಹಿಂದೆ ಬರಬೇಡ ಎಂದೆ. ಮಕ್ಕಳು ನೋಡುತ್ತಿದ್ದರು. ಅವಳು ಬಾಣಲಿಯನ್ನು ಕೆಳಗಿಟ್ಟು ಹೇಳಿದ್ದು ಇಷ್ಟೇ: "ಬಾಡಿಗೆ ಮನೆ ಆದ್ರೆ ಓಡೋಗ್ಬೋದು. ಕೊಂಡ್ಕಂಡ ಮನೆ ಬಿಟ್ಟು ಎಲ್ಲಿಗೋಯ್ತೀಯ? ಆ ಯಮ್ಮ ಆರು ತಿಂಗ್ಳು ಆದ್ಮೇಲೆ ಮುಚ್ಚೋ ಬಾಗ್ಲು ಇವತ್ತೇ ಮುಚ್ಚವ್ಳೆ."

ಗೋಡೆಯ ಕೆಲಸ ಮುಗಿದು ಆಳುಗಳು ಹೊರಟುಹೋದರು. ನಾನು ಒಬ್ಬಳೇ ಮನೆಗಳನ್ನು ನೋಡುತ್ತ ಅಲೆದೆ. ಬ್ಯಾಡರಹಳ್ಳಿಯವರೆಗೂ ಹೋಗಿ ಬಂದೆ. ಅಲ್ಲಿಂದ ಆಸ್ಪತ್ರೆಗೆ ಇವರನ್ನು ಕರೆತರುವ ಬಸ್ಸೇ ಇರಲಿಲ್ಲ. ನಾವಿದ್ದ ಬಾಡಿಗೆ ಮನೆಯ ಮಾಲೀಕರು ನಮ್ಮ ಭಾಗದ ಕಕ್ಕಸಿಗೆ ಬೀಗ ಹಾಕಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನನ್ನ ಗಂಡ ಒಂದು ಸಂಜೆ, "ನನ್ನನ್ನ ಆಸ್ಪತ್ರೆ ವರಾಂಡದಾಗ ಬಿಟ್ಟು ನೀ ಊರಿಗೆ ಹೋಗಿಬಿಡು. ನಿನ್ನೊಬ್ಬಾಕಿಗಾದ್ರ ಎಲ್ಲರೂ ಮನಿ ಕೊಡ್ತಾರ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಯೋಚಿಸಿ ಹೇಳಿದ್ದರು. ಅದನ್ನೇ ನಾನೂ ಒಂದು ಕ್ಷಣ ಯೋಚಿಸಿದ್ದೆ ಎಂಬುದು ಅವರಿಗೆ ಗೊತ್ತಾಗಲಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಮುನಿತಾಯಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ನಾನು ಬೈದದ್ದರ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

"ಹೊಸಹಳ್ಳಿಲಿ ಒಂದೈತೆ. ನೋಡಾಕೆ ಚೆಂದಾಗಿಲ್ಲ. ಬಾ."

ಹಳೆಯ ಊರಿನ ನಡುವಿನ ಹೆಂಚಿನ ಮನೆ. ಮಾಲೀಕರು ಶಿವಮೊಗ್ಗದಲ್ಲಿ ನೆಲೆಸಿದ್ದರು. ಬೀಗದ ಕೈ ಪಕ್ಕದ ಮನೆಯಲ್ಲಿ ಎಮ್ಮೆ ಸಾಕಿದ್ದ ಹನುಮಕ್ಕ ಎಂಬ ಹೆಂಗಸಿನ ಹತ್ತಿರವಿತ್ತು. ಮುಂಬಾಗಿಲಿನ ಮೇಲಿನಿಂದ ಸೂರಿನವರೆಗೆ ಬೆರಳು ತೂರುವಷ್ಟು ದೊಡ್ಡ ಬಿರುಕು. ನಾನು ಅಲ್ಲೇ ನಿಂತೆ. ಮುನಿತಾಯಮ್ಮ ನನ್ನ ಕೈ ಹಿಡಿದು ಬಿರುಕಿನ ಹತ್ತಿರಕ್ಕೆ ಎಳೆದಳು.

"ಒಳಗೆ ನೋಡು. ಜೇಡ ಬಲೆ ಕಟ್ಟಿ, ಬಲೆ ಮ್ಯಾಲೆ ದೂಳು ಕೂತು ಕಪ್ಪಾಗೈತೆ. ಎಷ್ಟೋ ವರ್ಸದಿಂದ ಈ ಗೋಡೆ ಅಲ್ಲಾಡಿಲ್ಲ. ಹೊಸ ಬಿರುಕು ಬೆಳ್ಳಗಿರ್ತದೆ, ಅದಕ್ಕೆ ಹೆದರ್ಕಾಬೇಕು."

ನಾಲ್ಕೂ ಮೂಲೆಯ ಗಾರೆ ಸಪ್ಪೆಯಾಗಿತ್ತು. ಅಡಿಗೆಮನೆಯ ತೊಲೆಗೆ ಗೆದ್ದಲು ಹಿಡಿದಿದೆ, ಬದಲಾಯಿಸಲೇಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ಹನುಮಕ್ಕನ ಬಾಗಿಲಿಗೆ ಹೋದಳು. ಹನುಮಕ್ಕ ನಮ್ಮಿಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ, ಒಂದು ಹಿತ್ತಾಳೆ ಚೊಂಬನ್ನು ಅವಳ ಕೈಗೇ ಕೊಟ್ಟರು. ನೀರು ಕುಡಿದು ಮುಗಿದ ಮೇಲೆ ಮುನಿತಾಯಮ್ಮ ನನ್ನ ಕಡೆ ನೋಡಿದಳು. ಈ ಸಲ ನಾನೇ ಹೇಳಬೇಕಿತ್ತು. ಹೇಳಿದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದೆ.

ಹನುಮಕ್ಕ ಖಾಲಿ ಚೊಂಬನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. "ನಮ್ಮನೇಲಿ ಮೂರು ಮಕ್ಕಳವ್ರೆ" ಎಂದರು. ನಾನು ಏಳಲು ಹೊರಟೆ. "ಕೂತ್ಕಳವ್ವ. ಕಂಡಕಂಡಲ್ಲಿ ಉಗೀಬಾರ್ದು ಅಂತ ಯೋಳು. ಡಬ್ಬಿಗೆ ಉಗುದು ಬೂದಿ ಹಾಕ್ಲಿ. ಮಕ್ಕಳನ್ನ ನಾನು ಆ ಕಡೆ ಬಿಡಕ್ಕಿಲ್ಲ, ಅದಕ್ಕೆ ನೀನು ಬ್ಯಾಸ್ರ ಮಾಡ್ಕಾಬಾರ್ದು. ಇನ್ನೇನು, ಬನ್ನಿ."

ಮಾಲೀಕರಿಗೆ ತಂತಿ ಕೊಟ್ಟೆವು. ಕ್ರಯಪತ್ರವಾಗುವ ಮೊದಲೇ, ಅವರ ಒಪ್ಪಿಗೆಯ ಮೇಲೆ, ತಿಂಗಳ ಕೊನೆಯ ದಿನ ಒಂದು ಎತ್ತಿನ ಗಾಡಿಯಲ್ಲಿ ಆ ಮನೆಗೆ ಬಂದೆವು. ಆ ವಾರವೇ ಮುನಿತಾಯಮ್ಮ ಹಾರೆ ತಂದು, ಯಾರೋ ಇಟ್ಟಿಗೆಯಿಂದ ಮುಚ್ಚಿದ್ದ ಮೂಡಣದ ಕಿಟಕಿಯನ್ನು ಒಡೆದು ತೆರೆದಳು. ಬೆಳಗಿನ ಬಿಸಿಲು ನೇರವಾಗಿ ಮಂಚದ ಮೇಲೆ ಬಿತ್ತು. ನನ್ನ ಗಂಡ ಗೋಡೆಯ ಕಡೆಯಿಂದ ಈ ಕಡೆಗೆ ಹೊರಳಿದರು. ಒಂದೂವರೆ ವರ್ಷ ಔಷಧಿ ನಡೆಯಿತು. ಕೊನೆಗೆ ಡಾಕ್ಟರು, ರೋಗ ಹೋಗಿದೆ, ಆದರೆ ಶ್ವಾಸಕೋಶ ಸೋತಿದೆ, ಮತ್ತೆ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ ಎಂದರು.

ಅದಾಗಿ ಕೆಲವೇ ವಾರಗಳಲ್ಲಿ, ಒಂದು ಮಧ್ಯಾಹ್ನ, ಮುನಿತಾಯಮ್ಮ ಬಂದಳು. ಜಗುಲಿಯ ಮೇಲೆ ಕೂರುವುದಕ್ಕೇ ಅವಳಿಗೆ ಕಷ್ಟವಾಯಿತು. ಕೆರೆಯ ಪಕ್ಕದ ಗುಡಿಸಲುಗಳನ್ನು ಯಾವುದೋ ಬಡಾವಣೆಗಾಗಿ ತೆಗೆಸುತ್ತಿದ್ದಾರೆಂದು ಹೇಳಿದಳು. "ಹಿತ್ಲು ಕೊಟ್ಟಿಗೇಲಿ ಒಂದು ತಿಂಗ್ಳು ಇರ್ಲಾ ಕಣವ್ವ? ಒಲೆ ಆಚೆ ಹಾಕ್ಕತೀನಿ." ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮಿದಳು. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನ ಕಡೆಯಿಂದ ಮುಖ ತಿರುಗಿಸಿ ಕೆಮ್ಮಿದಳು.

ಒಳಗೆ ಇವರು ಮಲಗಿದ್ದರು. ಬಾಗಿಲು ಅರ್ಧ ತೆರೆದಿತ್ತು. ನನಗರಿವಿಲ್ಲದೆ ನನ್ನ ಕೈ ಅದನ್ನು ಎಳೆದುಕೊಂಡಿತು.

"ಅವರನ್ನ ಒಂದು ಮಾತು ಕೇಳಿ ಹೇಳ್ತೀನಿ ಮುನಿತಾಯಮ್ಮ" ಎಂದೆ.

ಅವಳು ಆ ಬಾಗಿಲನ್ನು ನೋಡಿದಳು. "ಕೇಳವ್ವ. ಕೇಳದೆ ಏನ್ಮಾಡೀಯ" ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಕಾಫಿ ಕೊಟ್ಟೆ. ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋದಳು.

ಇವರು ಎದ್ದ ಮೇಲೆ ಹೇಳಿದೆ. "ಇದರಾಗ ನನ್ನ ಕೇಳೂದು ಏನೈತಿ?" ಎಂದರು. "ಕರ್ಕೊಂಡು ಬರಬೇಕಿತ್ತು. ಆಸ್ಪತ್ರೆ ಚೀಟಿ ನಾನ ಮಾಡಸ್ತಿದ್ದೆ."

ಮರುದಿನ ಶಾಲೆಗೆ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಕೆರೆಯ ಪಕ್ಕ ನೆಲ ಸಮವಾಗಿತ್ತು. ಕೆಲವರು ಸೊಂಟಕ್ಕೆ ಸೀರೆ ಸಿಕ್ಕಿಸಿ ಮಣ್ಣಿನಲ್ಲಿ ಪಾತ್ರೆ ಹುಡುಕುತ್ತಿದ್ದರು. ಮುನಿತಾಯಮ್ಮ ನಿನ್ನೆ ಸಂಜೆಯೇ ಗಂಟು ಹೊತ್ತು ಹೋದಳು ಎಂದರು. ಎಲ್ಲಿಗೆ ಎಂದು ಕೇಳಿದೆ. "ಯಾರೋ ಟೀಚರಮ್ಮ ಅವ್ರೆ, ಅವ್ರ ಮನೆಗೋಯ್ತೀನಿ ಅಂತಿದ್ಲಲ್ಲ" ಎಂದು ಒಬ್ಬಾಕೆ ಹೇಳಿದಳು.

ಆಸ್ಪತ್ರೆಯ ಜನರಲ್ ವಾರ್ಡುಗಳಲ್ಲಿ ನೋಡಿದೆ. ಮಾಗಡಿ ರಸ್ತೆಯುದ್ದಕ್ಕೂ ಗಾರೆ ಕೆಲಸ ನಡೆಯುವ ಕಡೆಯೆಲ್ಲ ಇಳಿದು ಕೇಳಿದೆ. ಕೆಂಗೇರಿಯಲ್ಲಿ ಒಬ್ಬ ಮೇಸ್ತ್ರಿ ಅವಳನ್ನು ಬಲ್ಲೆ ಎಂದ, ಆದರೆ ಅವನು ಅವಳನ್ನು ಕಂಡದ್ದು ಅದಕ್ಕೂ ಹಿಂದೆ. ನನ್ನ ಗಂಡ ಇನ್ನೂ ಹನ್ನೊಂದು ವರ್ಷ ಬದುಕಿದರು. ನಾವಿಬ್ಬರೂ ಸೇರಿ ಹಿತ್ತಿಲ ಕೊಟ್ಟಿಗೆಯನ್ನು ಗುಡಿಸಿ, ನೆಲ ಸಾರಿಸಿ, ಒಂದು ಚಾಪೆ ಹಾಕಿಟ್ಟಿದ್ದೆವು. ಯಾರೂ ಬರಲಿಲ್ಲ.